ಹುಬ್ಬಿನವರೆಗೆ ಸಿಕ್ಕ ವರ

ಇಂದ:
ಚೇತನಾ, ತಮ್ಮ ಹಿರಿಯ ಮಗಳು,
ವಯಸ್ಸು ಇಪ್ಪತ್ತಾರು (ಬಯೋಡೇಟಾದಲ್ಲಿ ಇಪ್ಪತ್ತೈದು),
ಆದೋನಿ.

ಗೆ:
ಶ್ರೀ ಸೋಮಶೇಖರಪ್ಪನವರು,
ಹತ್ತಿ ವ್ಯಾಪಾರಿಗಳು ಹಾಗೂ ಈ ಮನೆಯ ಯಜಮಾನರು,
ನಡುಮನೆ.

ಮೂಲಕ: ಅವ್ವ, ಅಡುಗೆಮನೆ.

ವಿಷಯ: ತಮ್ಮ ಫೋನಿನಿಂದ ಅಳಿಸಿಹೋದ ವರನ ಫೋಟೋಗಳನ್ನು ಮರಳಿ ಪಡೆಯುವ ಸಲುವಾಗಿ ಅರ್ಜಿದಾರಳು ಕೈಗೊಂಡ ಕ್ರಮಗಳಿಗೆ ಘಟನೋತ್ತರ, ಅಂದರೆ ಆದದ್ದು ಆದ ಮೇಲೆ, ಮಂಜೂರಾತಿ ಕೋರಿ.

ಉಲ್ಲೇಖ: 1. "ಅವ್ರಿಗೆ ಯಾರೂ ಫೋನ್ ಹಚ್ಚಕೂಡ್ದು" ಎಂಬ ತಮ್ಮ ಮೌಖಿಕ ಆದೇಶ, ಮಂಗಳವಾರ ಮುಂಜಾನೆ.
2. ಅಜ್ಜಿ ಗುರುಶಾಂತಮ್ಮನವರ ಆಕ್ಷೇಪಣೆ, ಅದೇ ದಿನ, ಅದಕ್ಕಿಂತ ದೊಡ್ಡ ದನಿಯಲ್ಲಿ.

ಮಾನ್ಯರೇ, ಅಪ್ಪಾ,

ಇದನ್ನು ಬಾಯಲ್ಲೇ ಹೇಳಬಹುದಿತ್ತು. ಗುರುವಾರದಿಂದ ಮೂರು ಸಲ ತಮ್ಮ ಮುಂದೆ ಬಂದು ನಿಂತೆ, ಮೂರು ಸಲವೂ ನಗು ತಡೆಯಲಾರದೆ ಓಡಿಹೋದೆ. ಮೊದಲ ಸಲ ತಾವು "ಏನವಾ?" ಅಂದಿರಿ. ಎರಡನೇ ಸಲ "ಏನಾಗೇತಿ ಈಕಿಗೆ?" ಎಂದು ಅವ್ವನನ್ನು ಕೇಳಿದಿರಿ. ಮೂರನೇ ಸಲ "ಏನಿದ್ರೂ ಬರದು ಕೊಡು, ಹೋಗು" ಅಂದಿರಿ. ಕಾರಣ ಈ ಅರ್ಜಿ. ದಿನವಿಡೀ ನಮ್ಮ ಆಂಧ್ರದ ವಾರ್ಡ್ ಸಚಿವಾಲಯದ ಕಚೇರಿಯಲ್ಲಿ ಕೂತು ಊರವರ ಅರ್ಜಿಗಳನ್ನು ತೆಲುಗಿನಲ್ಲಿ ಬರೆದುಕೊಡುವವಳು ನಾನು. ನನ್ನದೇ ಅರ್ಜಿ ಬರೆಯುತ್ತಿರುವುದು ಇದೇ ಮೊದಲು. ತಾವು ಮನಸ್ಸಿಟ್ಟು ಓದುವುದು ಕನ್ನಡವಾದ್ದರಿಂದ ಕನ್ನಡದಲ್ಲಿ ಬರೆದಿದ್ದೇನೆ.

ವಸ್ತುಸ್ಥಿತಿ ಹೀಗಿದೆ:

1. ಕಳೆದ ಭಾನುವಾರ ಆಸ್ಪರಿಯ ಶ್ರೀ ಬಸವಪ್ರಸಾದ್ ಎಂಬವರು, ಪಶು ಆಸ್ಪತ್ರೆಯಲ್ಲಿ ಸಹಾಯಕರು, ತಂದೆತಾಯಿಯೊಂದಿಗೆ ನನ್ನನ್ನು ನೋಡಲು ಬಂದರು. ಶನಿವಾರ ಸಂಜೆಯೊಳಗೆ ನಮ್ಮ ಉತ್ತರ ತಿಳಿಸುತ್ತೇವೆ ಎಂದು ತಾವು ಮಾತು ಕೊಟ್ಟಿರಿ. ಅಜ್ಜಿಯವರು ಹಿಂದಿನ ದಿನವಷ್ಟೇ ಕಣ್ಣಿನ ಪೊರೆ ತೆಗೆಸಿಕೊಂಡು ಒಳಕೋಣೆಯಲ್ಲಿ ಪಟ್ಟಿ ಕಟ್ಟಿಕೊಂಡು ಮಲಗಿದ್ದರಿಂದ, ಅವರಿಗೆ ಆಮೇಲೆ ತೋರಿಸಲೆಂದು ತಾವು ವರನ ಹನ್ನೊಂದು ಫೋಟೋ ತೆಗೆದಿರಿ. ಬೇರೆ ಯಾರೂ ತೆಗೆಯಲಿಲ್ಲ.

2. ಸೋಮವಾರ ಮಧ್ಯಾಹ್ನ ತಮ್ಮ ಅಕ್ಕನವರೂ ನನ್ನ ಸೋದರತ್ತೆಯೂ ಆದ ಬಸವಕ್ಕನವರು, ತಾವು ಫೋಟೋ ತೆಗೆದಿದ್ದ ಆ ಫೋನನ್ನು ಕೈಗೆ ತೆಗೆದುಕೊಂಡರು. ಜಾಗ ಸಾಲದು ಎಂದು ಫೋನು ಹೇಳಿತು. ಅತ್ತೆಯವರು ಅಂಗಳ ಗುಡಿಸುವಷ್ಟೇ ಅಚ್ಚುಕಟ್ಟಾಗಿ ಅದನ್ನೂ ಗುಡಿಸಿದರು. ವಾಟ್ಸಾಪಿಗೆ ಬಂದಿದ್ದ ಶುಭೋದಯದ ಗುಲಾಬಿಗಳು ಹೋದವು, ಅವುಗಳ ಜೊತೆ ವರನೂ ಹೋದರು. "ಅತ್ತಿ, ಕಸದ ಬುಟ್ಟ್ಯಾಗ ಒಂದು ತಿಂಗಳು ಇರ್ತಾವ, ತಡೀರಿ!" ಎಂದು ನಾನು ಓಡಿಬರುವಷ್ಟರಲ್ಲಿ ಆ ಬುಟ್ಟಿಯೂ ಖಾಲಿ.

"ಕಸ ಗುಡಿಸಿದ ಮ್ಯಾಲೆ ಮೊರದಾಗ ಇಟಗೊಂಡು ಕುಂದರತಾರೇನವಾ?" ಅಂದರು ಅತ್ತೆ.

ಬೇರೆಲ್ಲೂ ಪ್ರತಿ ಇರಲಿಲ್ಲ, ವರನ ಬಯೋಡೇಟಾದಲ್ಲೂ ಫೋಟೋ ಇರಲಿಲ್ಲ. ಬ್ಯಾಕಪ್ಪನ್ನು ಎರಡು ವರ್ಷದ ಹಿಂದೆ ನಾನು ಹಾಕಿಕೊಟ್ಟಿದ್ದೆ. "ನಮ್ಮ ಮನಿ ಫೋಟೋ ಕಂಡೋರ ಮನ್ಯಾಗ ಯಾಕ ಇಡಬೇಕು?" ಎಂದು ತಾವೇ ತೆಗೆಸಿದಿರಿ. ಇದು ದೂರಲ್ಲ. ದಾಖಲೆಯಲ್ಲಿ ಇರಲಿ ಎಂದು ಬರೆದೆ.

3. ಆಗ ವರ ಹೇಗಿದ್ದರು ಎಂಬ ಪ್ರಶ್ನೆ ಎದ್ದಿತು. ಅವರಿಗೆ ದಪ್ಪ ಮೀಸೆ ಇತ್ತೆಂದು ತಾವು ಹೇಳಿದಿರಿ. ಅಡುಗೆಮನೆಯ ಪರದೆ ಸಂದಿಯಿಂದ ನೋಡಿದ್ದ ಅವ್ವ, ಮೀಸೆ ಇರಲೇ ಇಲ್ಲ, ನುಣ್ಣಗಿದ್ದರು ಅಂದರು. ಅತ್ತೆಯವರಿಗೆ ಅವರು ಎರಡು ಸಲ ಉಪ್ಪಿಟ್ಟು ಹಾಕಿಸಿಕೊಂಡದ್ದು ಬಿಟ್ಟರೆ ಬೇರೇನೂ ನೆನಪಿರಲಿಲ್ಲ. "ಮೀಸಿ ಇರಲೇಬೇಕು, ಇಲ್ಲಾಂದ್ರ ನಾ ಅಷ್ಟೊತ್ತು ಮಾತಾಡ್ತಿದ್ದಿಲ್ಲ" ಎಂದು ತಾವು ತೀರ್ಪು ಕೊಟ್ಟಿರಿ. ನನ್ನನ್ನು ಕೇಳಿದಾಗ ನಾನು ಸುಮ್ಮನಿದ್ದೆ. ಅದರ ಕಾರಣವನ್ನು ಏಳನೇ ಅಂಶದಲ್ಲಿ ಬರೆದಿದ್ದೇನೆ.

4. ಇನ್ನೊಂದು ಫೋಟೋ ಕಳಿಸಿರೆಂದು ಅವರನ್ನೇ ಕೇಳೋಣ ಎಂದೆ. "ಹುಡುಗನ್ನ ಡಿಲೀಟ್ ಮಾಡೀವಿ ಅಂತ ಹೇಳಾಕ ಆಗತೈತೇನು? ಸಂಬಂಧಾನ ಡಿಲೀಟ್ ಆಗತೈತಿ!" ಎಂದು ಉಲ್ಲೇಖ ಒಂದರ ಆದೇಶ ಹೊರಡಿಸಿದಿರಿ. ವರನ ವಾಟ್ಸಾಪ್ ಪ್ರೊಫೈಲಿನಲ್ಲಿ ಏನಾದರೂ ಸಿಗಬಹುದೆಂದು ಅವ್ವ ತೆರೆದು ನೋಡಿದರು. ಅಲ್ಲಿ ಅವರು ಚಿಕಿತ್ಸೆ ಕೊಟ್ಟ ಒಂದು ಎತ್ತಿನ ಚಿತ್ರವಿತ್ತು. ಅಷ್ಟರಲ್ಲಿ ಕಪ್ಪು ಕನ್ನಡಕ ಹಾಕಿಕೊಂಡು ಹೊರಬಂದ ಅಜ್ಜಿಯವರು ಫೋನು ಕಿತ್ತುಕೊಂಡು ದಿಟ್ಟಿಸಿದರು.

"ಮಕ ಸ್ವಲ್ಪ ಉದ್ದ ಐತಿ. ಇರ್ಲಿ. ಕಣ್ಣಾಗ ಭಾಳ ಸಾಧು ಅದಾನ."

ಅಜ್ಜಿ ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ನೋಡಿದರು.

"ಏ, ಕೋಡು ಅದಾವಲ್ಲೇ ಇವಗ!"

ಆಮೇಲೆ ಉಲ್ಲೇಖ ಎರಡರ ಆಕ್ಷೇಪಣೆ ಬಂತು: "ಮಕ ನೋಡದ ಹೂಂ ಅನ್ನಾಕ ನಾ ಏನು ಕುರುಡೀನಾ? ಈಗ ತಾನ ಕಣ್ಣು ಬಂದಾವ ನನಗ!" ಎತ್ತಿಗೆ ಅವರು ಕೊಟ್ಟ ಒಪ್ಪಿಗೆಯನ್ನು ಊರ್ಜಿತವೆಂದು ಪರಿಗಣಿಸಬಾರದಾಗಿ ವಿನಂತಿ.

5. ಅದೇ ದಿನ ಮಧ್ಯಾಹ್ನ ತಮ್ಮ ಫೋನನ್ನು ಬಸ್ ನಿಲ್ದಾಣದ ಹತ್ತಿರದ ದಸ್ತಗಿರಿಯವರ ಮೊಬೈಲ್ ಅಂಗಡಿಗೆ ಒಯ್ದೆ. ಅವರು ಒಳಗಿನ ಮೆಮೊರಿ ಕಾರ್ಡ್ ತೆಗೆದು ಕಂಪ್ಯೂಟರಿಗೆ ಹಾಕಿದರು.

"ಅಳಿಸಿದ್ದು ಎಲ್ಲೂ ಹೋಗಿರಂಗಿಲ್ಲಮ್ಮಾ. ಜಾಗ ಖಾಲಿ ಐತಿ ಅಂತ ಬೋರ್ಡ್ ಹಾಕಿರತೈತಿ, ಅಷ್ಟ. ಅದರ ಮ್ಯಾಲೆ ಹೊಸಾ ಫೋಟೋ ಹೊಡದ್ರ ಮಾತ್ರ ಪೂರಾ ಖತಂ. ಹೊಡದೀರೇನು?"

"ಇಲ್ರೀ" ಅಂದೆ. ಆದರೆ ಹೊಡೆದಾಗಿತ್ತು. ಸೋಮವಾರ ಸಂಜೆ ತಾವೇ ಖುದ್ದಾಗಿ ಮಾರ್ಕೆಟ್ ಯಾರ್ಡಿನಲ್ಲಿ ಹತ್ತಿ ರಾಶಿಗಳ ನಲವತ್ತಮೂರು ಫೋಟೋ ತೆಗೆದಿದ್ದೀರಿ. ವರನ ಮೇಲೆ ಹತ್ತಿ ಬಿದ್ದಿತ್ತು.

ಎರಡು ತಾಸು ಹುಡುಕಿದ ಮೇಲೆ ಗುಲಾಬಿಗಳು ಒಂದೂ ಬಿಡದೆ ಮರಳಿ ಬಂದವು. ವರನ ಫೋಟೋ ಒಂದೇ ಸಿಕ್ಕಿತು, ಅದೂ ಹುಬ್ಬಿನವರೆಗೆ. ಮೇಲೆ ಫ್ಯಾನು, ಅದರ ಕೆಳಗೆ ಎಣ್ಣೆ ಹಚ್ಚಿ ಬಾಚಿದ ಕೂದಲು, ಹಣೆ, ಹಣೆಯಲ್ಲಿ ವಿಭೂತಿ, ಎರಡು ಹುಬ್ಬು. ಆಮೇಲೆ ಬರೀ ಬೂದು ಬಣ್ಣ. ದಸ್ತಗಿರಿಯವರು ಬಹಳ ಹೊತ್ತು ನೋಡಿ, "ಹುಬ್ಬು ಚಲೋ ಅದಾವಮ್ಮಾ" ಎಂದು ಸಮಾಧಾನ ಹೇಳಿದರು. ನಾನು ಅಂಗಡಿಯ ಮೆಟ್ಟಿಲಿಳಿಯುವಾಗಲೇ ನಗಲು ಶುರುಮಾಡಿದವಳು ಮನೆ ಬರುವವರೆಗೆ ನಿಲ್ಲಿಸಲಿಲ್ಲ.

6. ಬುಧವಾರ, ತಮ್ಮ ಆದೇಶವನ್ನು ತಿಳಿದೂ ತಿಳಿದೂ ಮೀರಿ, ಬಯೋಡೇಟಾದಲ್ಲಿದ್ದ ನಂಬರಿಗೆ ಫೋನ್ ಹಚ್ಚಿದೆ. ನಾಲ್ಕು ಗೌರವದ ಮಾತು ಆಡಿ ವಿಷಯಕ್ಕೆ ಬರಬೇಕೆಂದು ಚೀಟಿ ಬರೆದಿಟ್ಟುಕೊಂಡಿದ್ದೆ. ಅವರು "ಹಲೋ" ಅಂದಕೂಡಲೇ ಚೀಟಿ ಮರೆತೇಹೋಯಿತು.

"ನಾನು ಆದೋನಿ ಚೇತನಾ ರೀ. ನಿಮಗ ಮೀಸಿ ಅದಾವೇನ್ರಿ?"

ಆ ಕಡೆ ಒಂದು ಎಮ್ಮೆ ಕೂಗಿತು. ಆಮೇಲೆ ಅವರು, "ಯಾಕ್ರಿ, ನೀವು ನೋಡ್ಲಿಲ್ಲೇನು?"

"ನಾ ನೆಲ ನೋಡಕೋಂತ ಕುಂತಿದ್ದೆ."

"ಮತ್ತ ನಿಮ್ಮಪ್ಪಾರು ಅಷ್ಟು ಫೋಟೋ ಹೊಡದ್ರಲ್ಲ?"

"ಡಿಲೀಟ್ ಆಗ್ಯಾವ್ರಿ."

ನಾನು ಕಣ್ಣು ಮುಚ್ಚಿಕೊಂಡೆ. ಸಂಬಂಧ ಮುರಿಯುವ ಶಬ್ದ ಹೇಗಿರುತ್ತದೆಂದು ಕಾದೆ. ಕೇಳಿಸಿದ್ದು ನಗು. ಅವರು ಎಷ್ಟು ನಕ್ಕರೆಂದರೆ ಎಮ್ಮೆಯ ಯಜಮಾನ "ಏಮೈಂದಿ ಸಾರ್?" ಎಂದು ಗಾಬರಿಯಾದದ್ದು ನನಗೂ ಕೇಳಿಸಿತು.

"ಭಾನುವಾರ ಇದ್ವುರಿ, ಭಾಳ ದಪ್ಪ ಇದ್ವು" ಅಂದರು. "ನಿನ್ನೆ ತೆಗಿಸೀನಿ. ನೀವು ಒಂದು ಸಲಾನೂ ತಲಿ ಎತ್ತಲಿಲ್ಲಲ್ಲ, ಮೀಸಿ ಸೇರಲಿಲ್ಲೇನೋ ಅಂತ."

ಕಾರಣ, ತಮ್ಮ ಹೇಳಿಕೆ ಭಾನುವಾರಕ್ಕೂ ಅವ್ವನ ಹೇಳಿಕೆ ಮಂಗಳವಾರದ ನಂತರಕ್ಕೂ ಸತ್ಯವೆಂದು ದಾಖಲಿಸಿಕೊಂಡು ಈ ವ್ಯಾಜ್ಯ ಮುಗಿಸಬೇಕು.

7. ಅಪ್ಪಾ, ಈ ಅಂಶವನ್ನು ಓದುವಾಗ ಅವ್ವನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಳ್ಳಿ. ಇದುವರೆಗೆ ನನಗೆ ನಾಲ್ಕು ಸಂಬಂಧ ಬಂದಿವೆ. ನಾಲ್ವರ ಕಾಲಿನ ಬೆರಳುಗಳನ್ನೂ ಬಲ್ಲೆ, ಎದುರು ಕೂತಾಗ ಮುಖ ಒಬ್ಬರದೂ ನೋಡಿರಲಿಲ್ಲ. ತಲೆ ಎತ್ತಬೇಡ ಎಂದು ಯಾರೂ ಗದರಿಸಿದ್ದಿಲ್ಲ. ಆ ಚಾಪೆಯ ಮೇಲೆ ಕೂತರೆ ಕುತ್ತಿಗೆ ತಾನೇ ಬಾಗುತ್ತದೆ. ಫೋಟೋ ಇದೆಯಲ್ಲ, ಆಮೇಲೆ ನೋಡಿಕೊಂಡರಾಯಿತು ಎಂದು ಪ್ರತಿ ಸಲವೂ ಅಂದುಕೊಳ್ಳುತ್ತಿದ್ದೆ. ಈ ಸಲ ಫೋಟೋ ಇರಲಿಲ್ಲ. ಆದ್ದರಿಂದ ಮನುಷ್ಯನನ್ನೇ ನೋಡಬೇಕಾಗಿ ಬಂತು.

ಗುರುವಾರ ಅವರು ಲಸಿಕೆ ಒಯ್ಯಲು ಆದೋನಿಗೆ ಬರುವವರಿದ್ದರು. ಮಧ್ಯಾಹ್ನದ ಬಿಡುವಿನಲ್ಲಿ ಯಂಕಣ್ಣನ ಮಂಡಕ್ಕಿ ಒಗ್ಗರಣೆ, ಮಿರ್ಚಿ ಬಜ್ಜಿಯ ಬಂಡಿಯ ಹತ್ತಿರ ಭೇಟಿಯಾದೆ. ಐಸು ತುಂಬಿದ ಲಸಿಕೆ ಡಬ್ಬಿಯನ್ನು ಎರಡೂ ಮೊಣಕಾಲ ನಡುವೆ ಇಟ್ಟುಕೊಂಡು ಕೂತಿದ್ದರು. ಹುಬ್ಬು ನೋಡಿ ಗುರುತು ಹಿಡಿದೆ. ಆಮೇಲೆ ಹುಬ್ಬಿನ ಕೆಳಗೆ ನೋಡಿದೆ. ಮೀಸೆ ಇದ್ದ ಜಾಗ ಮಾತ್ರ ಬೆಳ್ಳಗಿತ್ತು, ಅದನ್ನು ಕೈಯಿಂದ ಮುಚ್ಚಿಕೊಳ್ಳುತ್ತಿದ್ದರು.

"ಕೈ ತೆಗೀರಿ" ಅಂದೆ.

ತೆಗೆದರು. ನಾನು ನೋಡಿದೆ. ಅವರೂ ನೋಡಿದರು. ಎಷ್ಟು ಹೊತ್ತೆಂದು ಲೆಕ್ಕವಿಟ್ಟಿಲ್ಲ, ಮಿರ್ಚಿ ತಣ್ಣಗಾಗಿತ್ತು.

ಅಜ್ಜಿಗೆ ತೋರಿಸಲು ಫೋಟೋ ತೆಗೆಯಹೋದೆ. ನಾನು ಗುಂಡಿ ಒತ್ತಿದಾಗಲೆಲ್ಲ ಅವರು ಕಣ್ಣು ಮುಚ್ಚುತ್ತಿದ್ದರು, ಮುಚ್ಚಿದೆನೆಂದು ನಗುತ್ತಿದ್ದರು, ಅವರು ನಕ್ಕರೆಂದು ನನ್ನ ಕೈ ಅಲುಗುತ್ತಿತ್ತು. ಯಂಕಣ್ಣ ಎಣ್ಣೆಯಿಂದ ಮಿರ್ಚಿ ಎತ್ತುವ ಜಾರಿ ಸೌಟನ್ನು ಕೈಯಲ್ಲಿ ಹಿಡಿದೇ ಬಂದು, "ಇಬ್ರೂ ನಗೋದು ನಿಲ್ಲಸ್ರಿ ಮೊದ್ಲ, ಗಿರಾಕಿ ನಿಂತಾರ" ಎಂದು ಫೋನು ಇಸಕೊಂಡು ತಾನೇ ಒಂದು ತೆಗೆದ. ಎತ್ತಿನ ಪ್ರಕರಣ ಕೇಳಿದ ಮೇಲಂತೂ ಅವರು ಡಬ್ಬಿ ಬೀಳಿಸುವುದರಲ್ಲಿದ್ದರು. "ಅಜ್ಜಿ ಎತ್ತು ನೋಡಿ ಒಪ್ಪಿದ್ರ ನನಗೇನು ಬಂತು? ನಾನ ಬಂದು ಮಕ ತೋರಸ್ತೀನಿ, ಶನಿವಾರ ಹನ್ನೊಂದಕ್ಕ" ಅಂದರು.

ಇಂದು ಶನಿವಾರ.

ಆದ್ದರಿಂದ ತಾವು ದಯವಿಟ್ಟು ಮೇಲ್ಕಂಡ ಫೋನು, ಭೇಟಿ, ನಗು ಮತ್ತು ಮಿರ್ಚಿಗಳಿಗೆ ಘಟನೋತ್ತರ ಮಂಜೂರಾತಿ ನೀಡಿ, ಅವರು ಬಂದಾಗ ಏನೂ ಅರಿಯದವರಂತೆ ಬರಮಾಡಿಕೊಂಡು, ಅಜ್ಜಿಯವರ ಮುಂದೆ ಬೆಳಕಿರುವ ಕಡೆ ಕೂರಿಸಬೇಕಾಗಿ ಪ್ರಾರ್ಥನೆ. ನನ್ನ ಉತ್ತರ ಹೂಂ. ಇದನ್ನು ಯಾರೂ ಅಧಿಕೃತವಾಗಿ ಕೇಳಿಲ್ಲವಾದ್ದರಿಂದ ನಾನಾಗಿಯೇ ದಾಖಲಿಸಿದ್ದೇನೆ.

ತಮ್ಮ ವಿಶ್ವಾಸ ಇನ್ನೂ ಪೂರ್ತಿ ಅಳಿಸಿಹೋಗಿಲ್ಲವೆಂದು ನಂಬಿರುವ,
ಚೇತನಾ

ಲಗತ್ತುಗಳು:
1. ಹುಬ್ಬಿನವರೆಗಿನ ಫೋಟೋ, ಒಂದು.
2. ಯಂಕಣ್ಣ ತೆಗೆದ ಪೂರ್ತಿ ಮುಖದ ಫೋಟೋ, ಒಂದು. ನಾನೂ ಇದ್ದೇನೆ, ಕ್ಷಮೆಯಿರಲಿ. ಇದರ ಪ್ರತಿಗಳನ್ನು ನಾಲ್ಕು ಬೇರೆ ಬೇರೆ ಕಡೆ ಇಡಲಾಗಿದೆ.
3. ಅವ್ವನ ಶಿಫಾರಸು. ಅವರು ಇದನ್ನು ಓದಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಾರೆ, ಅದನ್ನೇ ಸಹಿ ಎಂದು ತಿಳಿಯುವುದು.

ವಿ.ಸೂ.: ಅರ್ಜಿಯನ್ನು ಮಡಿಸುತ್ತಿದ್ದಾಗ ತುರ್ತಾಗಿ ಸೇರಿಸಿದ್ದು. ಶ್ರೀ ಬಸವಪ್ರಸಾದ್ ಅವರು ಹತ್ತೂವರೆಗೇ ಬಂದುಬಿಟ್ಟಿದ್ದಾರೆ. ಬಾಗಿಲಲ್ಲಿದ್ದ ಬಸವಕ್ಕ ಅತ್ತೆಯವರು ಗುರುತು ಹತ್ತದೆ, "ನಾಲ್ಕು ದಿನಾತು ಕರದು, ಈಗ ಬಂದೇನಪಾ?" ಎಂದು ಡಿಶ್ ರಿಪೇರಿಯವರೆಂದು ತಿಳಿದು ಏಣಿ ಹಚ್ಚಿ ಮಾಳಿಗೆ ಹತ್ತಿಸಿದ್ದಾರೆ. ಹಿರಿಯರ ಮಾತಿಗೆ ಇಲ್ಲವೆನ್ನಲಾರದೆ ಅವರು ಹತ್ತಿದ್ದಾರೆ. ಟೀವಿ ಈಗ ಸ್ವಚ್ಛವಾಗಿ ಬರುತ್ತಿದೆ. ಅಷ್ಟರಲ್ಲಿ ಅತ್ತೆಯವರು ನುಗ್ಗೆಕಾಯಿ ಕೀಳಲೆಂದು ಏಣಿಯನ್ನು ಹಿತ್ತಲಿಗೆ ಒಯ್ದಿದ್ದು, ವರ ಮಾಳಿಗೆಯ ಮೇಲೆ ಬಿಸಿಲಲ್ಲಿ ನಿಂತಿದ್ದಾರೆ. ಕಾರಣ, ಮೇಲಿನ ಮಂಜೂರಾತಿಗಳು ಎರಡು ದಿನ ತಡವಾದರೂ ಅಡ್ಡಿಯಿಲ್ಲ. ಏಣಿಯನ್ನು ಮಾತ್ರ ಕೂಡಲೇ ಕೊಡಿಸಬೇಕಾಗಿ ಕೋರಿಕೆ.