ಮಾಮ ಪೂರ್ತಿ ನೋಡದ ಸಿನಿಮಾಗಳು

ನಾನು ಬಿ.ಎ. ಪಾಸಾಗುವುದು ಈ ಜನ್ಮದಲ್ಲಿ ಸಾಧ್ಯವಿಲ್ಲ ಎಂದು ಸಾರಿದವರು ನನ್ನ ಸೋದರಮಾವ. ಅವರೇನು ಜ್ಯೋತಿಷಿಯೆ? ಅಲ್ಲ. ಮೇಷ್ಟ್ರೆ? ಅದೂ ಅಲ್ಲ. ಶಿಕಾರಿಪುರದ ಟಾಕೀಸೊಂದರಲ್ಲಿ ಗೇಟ್‌ಕೀಪರ್. ಬಾಗಿಲಲ್ಲಿ ನಿಂತು ಟಿಕೀಟು ಹರಿಯುತ್ತಲೇ ಮುದುಕರಾದರು. ಬಂದ ಸಿನಿಮಾಗಳನ್ನೆಲ್ಲ ನೋಡಿದರು, ಆದರೆ ತಾವು ಮೆಚ್ಚಿದ ಒಂದನ್ನೂ ಪೂರ್ತಿ ನೋಡಲಿಲ್ಲ!

ಕಾರಣ ಒಬ್ಬ ನಟ. ಹೀರೋ ಅಲ್ಲ ಸ್ವಾಮಿ, ಹೀರೋನ ಅಪ್ಪ! ಕಪ್ಪುಬಿಳುಪಿನ ಕಾಲದ ಸಿನಿಮಾಗಳಲ್ಲಿ ಬಡ ಮೇಷ್ಟ್ರು, ಬಡ ಗುಮಾಸ್ತ, ಬಡ ಅರ್ಚಕ, ಹೀಗೆ ನಾನಾ ವಿಧದ ಬಡವರಾಗಿ ಬಂದು, ಕೆಮ್ಮಿ, ಮಧ್ಯಂತರದ ಆಸುಪಾಸಿನಲ್ಲಿ ತೀರಿಕೊಳ್ಳುತ್ತಿದ್ದವರು. ನಮ್ಮೂರಿಗೆ ಆ ಹಳೇ ಸಿನಿಮಾಗಳು ಮತ್ತೆ ಮತ್ತೆ ಬರುತ್ತಿದ್ದವು. ಪೋಸ್ಟರಿನಲ್ಲಿ ಆ ನಟನ ಮುಖ ಎಲ್ಲೋ ಮೂಲೆಯಲ್ಲಿದ್ದು, ಅಂಟು ಹಚ್ಚುವವನ ಕೈಯಲ್ಲಿ ಮಡಿಚಿಹೋಗಿರುತ್ತಿತ್ತು. ಮಾಮ ಅದನ್ನು ಉಗುರಿನಿಂದ ಬಿಡಿಸಿ ನೆಟ್ಟಗೆ ಮಾಡಿಯೇ ಕೆಲಸ ಶುರು ಮಾಡುತ್ತಿದ್ದರು.

“ಹೀರೋ ಹಾಡೋದೇನ್ ನೋಡ್ತಿ? ಹಿಂದೆ ನಿಂತಾರಲ್ಲ, ಇವ್ರನ್ನ ನೋಡು,” ಎಂದು ನನಗೆ ಪಾಠ. “ಹೆಣ್ಣು ನೋಡಾಕ ಬಂದೋರು ಎದ್ದು ಹೋದ್ರು. ಇವ್ರು ಅತ್ರಾ? ಇಲ್ಲ. ಅವ್ರು ಕುಡೀದೇ ಬಿಟ್ಟ ಕಾಫಿ ಲೋಟಕ್ಕೆ ನೊಣ ಬೀಳದಂಗೆ ತಟ್ಟೆ ಮುಚ್ಚಿದ್ರು. ಅದನ್ನ ಯಾವ ಡೈರೆಕ್ಟ್ರು ಹೇಳಿಕೊಡ್ತಾನೆ?”

ಆ ನಟನ ಕೆಮ್ಮಿನಲ್ಲೂ ಮಾಮನಿಗೆ ಮೂರು ಬಗೆ ಕೇಳಿಸುತ್ತಿತ್ತು. ಕ್ಷಯದ್ದೊಂದು, ಹಸಿವಿನದೊಂದು, ಮನೆಯವರ ಜಗಳ ನಿಲ್ಲಿಸಲು ಹೊಸ್ತಿಲಾಚೆಯಿಂದ ಕೆಮ್ಮುವುದೊಂದು. ಮೂರನೆಯದನ್ನು ಮಾಮ ನಮ್ಮ ಮನೆಯಲ್ಲೂ ಪ್ರಯೋಗಿಸಿದರು. ಅತ್ತೆ ಕಷಾಯ ಕುಡಿಸಿದರು!

ಪರದೆಯ ಮೇಲೆ ಆ ನಟ ಕಣ್ಣು ಮುಚ್ಚಿದರೆ ಸಾಕು, ಮಾಮ ಹೊರಗೆ ನಡೆದು, ಟಾಕೀಸಿನ ಹಿಂದಿನ ತೊಟ್ಟಿಯಿಂದ ತಲೆಗೆ ನಾಲ್ಕು ತಂಬಿಗೆ ನೀರು ಸುರಿದುಕೊಳ್ಳುತ್ತಿದ್ದರು. ಸಾವಿನ ಸ್ನಾನ! ಅದಾದ ಮೇಲೆ ಮತ್ತೆ ಒಳಗೆ ಹೋಗುವುದುಂಟೆ? ಹಾಗಾಗಿ ಕೊನೆಗೆ ಯಾರು ಯಾರನ್ನು ಮದುವೆಯಾದರು, ಕಳ್ಳ ಯಾರೆಂದು ತಿಳಿಯಿತು, ಇದೊಂದೂ ಮಾಮನಿಗೆ ಗೊತ್ತಿಲ್ಲ. ದಿನಕ್ಕೆ ನಾಲ್ಕು ಆಟ, ನಾಲ್ಕು ಸಾವು, ನಾಲ್ಕು ಸ್ನಾನ.

“ಆ ಮನುಷ್ಯ ಮದ್ರಾಸಿನಾಗೆ ಆರಾಮಾಗಿ ಇಡ್ಲಿ ತಿಂತಾ ಕುಂತಿರ್ತಾನೆ. ಇಲ್ಲಿ ನನ್ನ ಗಂಡ ನೆಗಡಿ ಹತ್ತಿ ಹೋಗೋ ಹಂಗಾಗೇತಿ!” ಎಂದು ಅತ್ತೆ ಗೊಣಗುತ್ತಿದ್ದರು.

“ಸಾವು ಸಾವೇ ಕಣೇ,” ಎಂದು ಮಾಮ ಸೀನುತ್ತಿದ್ದರು.

ಒಮ್ಮೆ ಆ ನಟ ಖಳನ ಪಾತ್ರ ಮಾಡಿಬಿಟ್ಟರು. ಮೊದಲ ಆಟ ನೋಡಿ ಮಾಮ ಕಂಗಾಲು. ಎರಡನೆಯ ಆಟಕ್ಕೆ ಅಂಬ್ಲಿಗೊಳದ ಕಡೆಯಿಂದ ಟ್ರ್ಯಾಕ್ಟರಿನಲ್ಲಿ ಬಂದವರನ್ನು ಗೇಟಿನಲ್ಲೇ ತಡೆದು, “ವಾಪಸ್ ಹೋಗ್ರಿ. ಅವ್ರು ಏನೋ ಕಷ್ಟಕ್ಕೆ ಒಪ್ಕಂಡಾರೆ. ನಾವು ಗುಂಪು ಕಟ್ಕಂಡು ನೋಡಿ ಅವಮಾನ ಮಾಡಬಾರ್ದು,” ಎಂದರಂತೆ. ಟ್ರ್ಯಾಕ್ಟರ್ ತಿರುಗಿಯೇಬಿಟ್ಟಿತು! ಟಾಕೀಸಿನ ಯಜಮಾನರು ಆ ವಾರವಿಡೀ ಮಾಮನನ್ನು ಸೈಕಲ್ ಸ್ಟ್ಯಾಂಡಿಗೆ ಹಾಕಿದರು.

ಇದನ್ನೆಲ್ಲ ಹೇಳಿಕೊಂಡು ನಗುತ್ತಿದ್ದವಳು ನಾನು. ಪಿಯುಸಿ ಮುಗಿದಾಗ ನನ್ನ ನಗು ನಿಂತಿತು. ಅಪ್ಪ ನಾನು ನಡೆಯಲು ಕಲಿಯುವ ಮೊದಲೇ ತೀರಿಕೊಂಡಿದ್ದರು. ಅಮ್ಮ, ನಾನು ಇಬ್ಬರೂ ಇದ್ದದ್ದು ಮಾಮನ ಮನೆಯಲ್ಲೇ. ಶಾಲೆಯ ಪ್ರತಿಯೊಂದು ಕಾಗದಕ್ಕೂ ಮಾಮನದೇ ಸಹಿ. ಅಂಥವರು, “ಬಿ.ಎ. ಬ್ಯಾಡ. ಈ ಮನೇಲಿ ಅದು ಆಗೋ ಮಾತಲ್ಲ,” ಎಂದುಬಿಟ್ಟರು.

ಯಾಕಂತೆ? ಆ ಸಿನಿಮಾಗಳಲ್ಲಿ ಮಗ ಕಾಗದ ಹಿಡಿದು “ಅಪ್ಪಾ, ಪಾಸಾದೆ!” ಎಂದು ಓಡಿಬರುತ್ತಾನೆ. ಅಪ್ಪ ಅದನ್ನು ಕೈಗೆ ತೆಗೆದುಕೊಂಡು, ಎದೆ ಹಿಡಿದುಕೊಂಡು ಕುಸಿಯುತ್ತಾರೆ.

“ಎಸ್ಸೆಸ್ಸೆಲ್ಸಿಗೆ ಯಾವ ಅಪ್ಪನೂ ಸತ್ತಿಲ್ಲ. ಪಿಯುಸಿಗೂ ಇಲ್ಲ. ಡಿಗ್ರಿ ಒಂದೇ ಅಪಾಯ! ನಮ್ಮ ವಂಶದಾಗೆ ಯಾರೂ ಮಾಡಿಲ್ಲ, ಅದಕ್ಕೇ ಎಲ್ರೂ ಗಟ್ಟಿಯಾಗಿದೀವಿ.”

ಹುಚ್ಚು ಮಾತು ಎಂದು ನಕ್ಕು ಬಿಡಬಹುದಿತ್ತು. ಬಿಡಲಿಲ್ಲ. ಹದಿನೆಂಟರ ಸಿಟ್ಟು ನೋಡಿ! “ಎದೆ ಹಿಡ್ಕಂಡು ಬೀಳೋದು ಅಪ್ಪ, ಮಾಮ. ನೀವೇನು ನನ್ನ ಅಪ್ಪ ಅಲ್ವಲ್ಲ!” ಎಂದೆ.

ಅತ್ತೆಯ ಕೈಯ ಸೌಟು ಅಲ್ಲೇ ನಿಂತಿತು. ಮಾಮ ನನ್ನನ್ನೇ ನೋಡಿದರು. ಆಮೇಲೆ, “ಹೌದಲ್ಲ! ಇದು ನಂಗೆ ಹೊಳೀಲೇ ಇಲ್ಲ ನೋಡು. ಹಂಗಾರೆ ಓದು,” ಎಂದು ನಕ್ಕರು. ಮರುದಿನ ತಾವೇ ಕಾಲೇಜಿನಿಂದ ಅರ್ಜಿ ತಂದರು. ಸಹಿ ಮಾಡುವ ಜಾಗ ಬಂದಾಗ ಮಾತ್ರ ಪೆನ್ನಿನ ಕ್ಯಾಪು ಹಾಕಿ, “ಇದನ್ನ ಅಮ್ಮನ ಕೈಲಿ ಮಾಡಿಸವ್ವ,” ಎಂದರು.

ಓದಿದೆ. ಬೆಳಿಗ್ಗೆ ಕಾಲೇಜು, ಮಧ್ಯಾಹ್ನದ ಮೇಲೆ ಜೆರಾಕ್ಸ್ ಅಂಗಡಿಯ ಕೆಲಸ, ರಾತ್ರಿ ಪುಸ್ತಕ. ಒಂದು ವಿಷಯದಲ್ಲಿ ಎರಡು ಸಲ ಡುಮ್ಕಿ ಹೊಡೆದು, ಮೂರನೆಯದಕ್ಕೆ ಪಾಸಾದೆ. ನಮ್ಮ ವಂಶದ ಮೊದಲ ಪದವೀಧರೆ ನಾನು. ಇದನ್ನು ಹೇಳಿಕೊಳ್ಳಲು ನನಗೆ ಯಾವ ಸಂಕೋಚವೂ ಇಲ್ಲ. ಆದರೆ ಅಂದು ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವ ವಿದ್ಯೆಯನ್ನು ಯಾವ ಸೆಮಿಸ್ಟರಿನಲ್ಲಿ ಕಲಿಸುತ್ತಾರೆ? ಎಷ್ಟೋ ಯುಗಾದಿಗಳಲ್ಲಿ ಬೇವುಬೆಲ್ಲ ಕೊಡುವಾಗ, “ಮಾಮ, ಅವತ್ತು ನಾನು...” ಎಂದು ಶುರು ಮಾಡಿದ್ದೇನೆ. ಅಷ್ಟರಲ್ಲಿ ಅವರು ಆ ನಟನ ಕೆಮ್ಮಿನ ವಿಚಾರಕ್ಕೆ ಹೊರಟುಬಿಟ್ಟಿರುತ್ತಿದ್ದರು. ನನಗೂ ಅದೇ ಬೇಕಿತ್ತೇನೋ.

ಸೊರಬದ ಕಚೇರಿಯ ಕೆಲಸಕ್ಕೆ ಅಂಕಪಟ್ಟಿಯೇ ಸಾಕಾಯಿತು. ವಿಶ್ವವಿದ್ಯಾಲಯದಿಂದ ಪದವಿ ಪ್ರಮಾಣಪತ್ರವನ್ನು ನಾನು ತರಲೇ ಇಲ್ಲ. ಪುರುಸೊತ್ತಿಲ್ಲ ಎಂದು ಎಲ್ಲರಿಗೂ ಹೇಳಿದೆ. ನಿಜ ಹೇಳಲೆ? ಹೆದರಿಕೆ! ನಾನೂ ಆ ಗೇಟಿನ ಪಕ್ಕದಲ್ಲೇ ನಿಂತು ಬೆಳೆದವಳಲ್ಲವೆ?

ಹೋದ ತಿಂಗಳು ಬಡ್ತಿಗೆ ಮೂಲಪ್ರತಿಯೇ ಬೇಕೆಂದರು. ಹೋಗಿ ತಂದೆ. ಸೊರಬಕ್ಕೆ ಹಿಂದಿರುಗುವ ದಾರಿಯಲ್ಲಿ ಶಿಕಾರಿಪುರದಲ್ಲಿ ಇಳಿದೆ. ಟಾಕೀಸು ಈಗ ಕಲ್ಯಾಣಮಂಟಪ. ಮಾಮ ಮನೆಯ ಕಟ್ಟೆಯ ಮೇಲೆ ಕೂತಿದ್ದರು.

“ಸರ್ಟಿಫಿಕೇಟ್ ತಂದೀಯಂತೆ? ಕೊಡು ಇಲ್ಲಿ.”

“ತಡೀರಿ!” ಅತ್ತೆ ಒಳಗಿನಿಂದ ಕೂಗಿದರು. “ರೊಟ್ಟಿ ಬಿಸಿ ಅದಾವೆ, ಮೊದ್ಲು ಉಣ್ರಿ. ಆಮ್ಯಾಲೆ ಬೇಕಾರೆ ನೋಡೀರಂತೆ!”

ಕೊಟ್ಟೆ. ಮಾಮ ಎರಡೂ ಕೈಯಲ್ಲಿ ತೆಗೆದುಕೊಂಡರು. ಬಲಗೈ ಮೆಲ್ಲಗೆ ಎದೆಯ ಕಡೆ ಹೋಯಿತು. ನಾನು ಬ್ಯಾಗು ಬಿಟ್ಟು ಹಿಡಿಯಲು ಮುಂದೆ ಬಾಗಿದೆ. ಆ ಕೈ ಅಂಗಿಯ ಕಿಸೆಯಿಂದ ಕನ್ನಡಕ ತೆಗೆಯಿತು!

ನನ್ನ ಹೆಸರನ್ನು ಒಂದೊಂದೇ ಅಕ್ಷರ ಕೂಡಿಸಿ ಓದಿದರು. ಓದಿ, ಕಾಗದವನ್ನು ತೊಡೆಯ ಮೇಲಿಟ್ಟುಕೊಂಡರು. ಯಾವುದಕ್ಕೋ ಕಾಯುವವರಂತೆ ಕೂತರು. ಅತ್ತೆ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು ನಿಂತರು. ಸ್ವಲ್ಪ ಹೊತ್ತಾದ ಮೇಲೆ ಮಾಮ ಕನ್ನಡಕ ತೆಗೆದು, ಕಾಗದವನ್ನು ನನ್ನ ಕೈಗಿಟ್ಟು, ಸಪ್ಪಗೆ ನಕ್ಕರು.

“ನೀ ಅವತ್ತು ಅಂದಿದ್ದೇ ನಿಜ ಆತು ನೋಡವ್ವ. ನಂಗೇನೂ ಆಗ್ಲಿಲ್ಲ.”