ಗೌರಿಯ ಸಗಣಿಗೆ ಬಂದ ಮಾನ

ಮಾಳಿಂಗಪ್ಪ ಮೊಣಕಾಲುಗಳ ನಡುವೆ ತಂಬಿಗೆ ಹಿಡಿದು ಗೌರಿಯ ಕೆಚ್ಚಲಿಗೆ ಕೈ ಹಚ್ಚಿದ್ದನಷ್ಟೆ, ಹಿಂದಿನಿಂದ ನೆರೆಮನೆಯ ತಿಪ್ಪವ್ವನ ದನಿ ಬಂತು:

"ಏ ಮಾಳಿಂಗಪ್ಪಾ, ಒಂದ್ ಹಿಡಿ ಸಗಣಿ ಕೊಡೋ. ಹೊಸ್ತಿಲಾ ಸಾರಸ್ಬೇಕು."

"ನಿಮ್ಮ ಮನ್ಯಾಗೂ ಆಕಳ ಐತಲ್ಲ ಬೇ?"

"ಅದು ಇನ್ನೂ ಮನಸ್ಸ ಮಾಡಿಲ್ಲೋ."

ಮೇವು ಹಾಕುವುದರಲ್ಲಿ ತಿಪ್ಪವ್ವನದು ಬಿಗಿ ಕೈ. ಅವಳ ಆಕಳಿನ ಪಕ್ಕೆಲುಬುಗಳನ್ನು ಬೀದಿಯಲ್ಲಿ ನಿಂತೇ ಎಣಿಸಬಹುದಿತ್ತು. ಗೌರಿಯೋ ಹತ್ತಿಕಾಳು ತಿಂದು, ಮದುವೆಗೆ ಬಂದ ಬೀಗಿತ್ತಿಯಂತೆ ಮೈ ತುಂಬಿಕೊಂಡಿದ್ದಳು. ಮಾಳಿಂಗಪ್ಪ ಹೆಮ್ಮೆಯಿಂದ "ಒಯ್ಯಿ" ಎಂದ.

ತಿಪ್ಪವ್ವನ ಬೆನ್ನಿಗೇ ಗೈಬುಸಾಬ ಬಂದ. ಅವನಿಗೆ ಅಂಗಳ ಸಾರಿಸುವುದಿತ್ತಂತೆ. ರಾವಸಾಬನಿಗೆ ಕಾಳಿನ ಬುಟ್ಟಿ ಬಳಿಯುವುದಿತ್ತಂತೆ. ಹೊತ್ತೇರುವಷ್ಟರಲ್ಲಿ ಓಣಿಯ ಉಳಿದ ಹನ್ನೊಂದು ಮನೆಗೂ ಸಗಣಿಯ ಕೆಲಸ ಒಂದೇ ದಿನ ಬಂದಿತ್ತು.

"ಅಪ್ಪಾ, ಮತ್ತ ನಮ್ಮ ಡಬ್ಬಿಗೆ?" ಎಂದಳು ಆರು ವರ್ಷದ ಮಗಳು ಶೇವಂತಿ.

"ಸುಮ್ಕಿರವ್ವಾ. ಗೌರಿ ಇನ್ನೊಮ್ಮಿ ಹಾಕ್ತಾಳ."

ಡಬ್ಬಿಯ ಸಂಗತಿ ಹೀಗಿತ್ತು. ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾದ ಮರುವರ್ಷ ಅದು. ದನಗಳಲ್ಲಿ ಕರುಳಿನ ಹಳೇ ಬೇನೆ ಎಷ್ಟು ಹಬ್ಬಿದೆಯೆಂದು ಎಣಿಸಲು ಜಯತೀರ್ಥ ಡಾಕ್ಟರು ಸೂಕ್ಷ್ಮದರ್ಶಕ ಹೊತ್ತು, ಮುಳವಾಡದ ಪಕ್ಕದ ಈ ಹಳ್ಳಿಗೆ ಬಂದಿದ್ದರು. ಹಿಂದಿನ ಸಂಜೆ ಓಣಿಯ ಹನ್ನೆರಡು ಮನೆಗೂ ಡಬ್ಬಿ ಹಂಚಿ ಹೇಳಿದ್ದರು:

"ನಾಳೆ ಹತ್ತರೊಳಗ ನಿಮ್ಮ ನಿಮ್ಮ ಆಕಳ ಸಗಣಿ ಚಾವಡಿಗೆ ತರ್ರಿ. ತರದಿದ್ರ ರೋಗ ಅದ ಅಂತನ ಬರ್ಕೋತೀನಿ. ರೋಗದ ದನಾ ಹಳ್ಳದ ಆಚಿ ಬ್ಯಾರೆ ಕಟ್ಟಬೇಕು. ಮೈ ನೋಡಿ ಮೋಸ ಹೋಗಬ್ಯಾಡ್ರಿ, ಈ ಬ್ಯಾನಿ ವರ್ಷಗಟ್ಟಲೆ ಒಳಗ ಅಡಗಿ ಕೂತಿರ್ತದ."

ಕೊನೆಯ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. 'ಹಳ್ಳದ ಆಚೆ' ಎಂಬುದೊಂದೇ ಎಲ್ಲರ ಎದೆಯಲ್ಲಿ ನಾಟಿತು. ಮಾಳಿಂಗಪ್ಪನ ಎದೆಯಲ್ಲಿ ಇನ್ನೂ ಆಳಕ್ಕೆ. ಗೌರಿಯ ಕೊರಳು ಸವರದೆ ಶೇವಂತಿ ಮಲಗುವವಳೇ ಅಲ್ಲ.

ಒಂಬತ್ತೂವರೆಯಾಯಿತು. ಮಾಳಿಂಗಪ್ಪ ಡಬ್ಬಿ ಹಿಡಿದು, ನಿಡಗುಂದಿ ಬಸ್ಸಿಗೆ ಕಾದವನಂತೆ ಗೌರಿಯ ಹಿಂದೆ ನಿಂತ. ನೀರು ಕುಡಿಸಿದ, ಬೆನ್ನು ತಿಕ್ಕಿದ. ಗೌರಿ ಬಾಲ ಎತ್ತಿದಳು. ಅವನು ಡಬ್ಬಿ ಒಡ್ಡಿದ. ಅವಳು ಒಂದು ನೊಣ ಹೊಡೆದು, ಅದೇ ಬಾಲದಿಂದ ಅವನ ಮೀಸೆಯನ್ನೂ ಒರೆಸಿದಳು.

"ಮಾಳಿಂಗಪ್ಪಾ, ನಿಂದೊಂದ ಉಳದೈತಿ ನೋಡ!" ಚಾವಡಿಯಿಂದ ತಳವಾರ ಕೂಗಿದ.

ಮಾಳಿಂಗಪ್ಪ ಹಿತ್ತಲ ಬೇಲಿ ಹಾರಿದ. ತಿಪ್ಪವ್ವನ ಬಡಕಲು ಆಕಳು ಆಗಷ್ಟೇ ಮನಸ್ಸು ಮಾಡಿತ್ತು. ಕೈಗೆ ಬಂದಷ್ಟನ್ನು ಡಬ್ಬಿಗೆ ತುಂಬಿ, ಮುಳ್ಳಿಗೆ ಸಿಕ್ಕ ಧೋತರವನ್ನು ಪರ್ರೆಂದು ಹರಿದುಕೊಂಡು ಓಡಿದ.

ಹಿಂದೆಯೇ ಶೇವಂತಿ. "ಅಪ್ಪಾ, ಅದು ಮತ್ತ..."

"ಬಾಯಿ ಮುಚ್ಚ, ನನ್ನವ್ವಾ!"

ಚಾವಡಿಯಲ್ಲಿ ಸಾಲಾಗಿದ್ದ ಹನ್ನೊಂದು ಡಬ್ಬಿಗಳನ್ನು ನೋಡಿ ಅವನು ಕಣ್ಣರಳಿಸಿದ. ಒಂದೊಂದರಲ್ಲೂ ಹತ್ತಿಕಾಳಿನ ಹೊಟ್ಟು ಇಣುಕುತ್ತಿತ್ತು. ಓಣಿಯಲ್ಲಿ ಹತ್ತಿಕಾಳು ತಿನ್ನುವವಳು ಗೌರಿ ಒಬ್ಬಳೇ! ತಿಪ್ಪವ್ವ ಸೆರಗು ಮುಖಕ್ಕೆಳೆದುಕೊಂಡಳು. ಗೈಬುಸಾಬ ಚಾವಡಿಯ ಜಂತಿ ಎಣಿಸತೊಡಗಿದ.

ಸಂಜೆಗೆ ಡಾಕ್ಟರು ಸೂಕ್ಷ್ಮದರ್ಶಕದ ಮುಂದಿನಿಂದ ಕಣ್ಣುಜ್ಜುತ್ತಾ ಎದ್ದರು. "ಇಂಡಿ, ಸಿಂದಗಿ, ಮುದ್ದೇಬಿಹಾಳ ಎಲ್ಲಾ ತಿರಗೇನಿ. ಅಲ್ಲೊಂದು ಇಲ್ಲೊಂದು ಸಿಗ್ತಿತ್ತು. ಇಲ್ಲಿ ಹನ್ನೆರಡರಾಗ ಹನ್ನೊಂದಕ್ಕ ಬ್ಯಾನಿ! ಚೊಲೋ ಇದ್ದದ್ದು ಮಾಳಿಂಗಪ್ಪನ ಗೌರಿ ಒಂದ."

ಮಾಳಿಂಗಪ್ಪನ ಎದೆ ಉಬ್ಬಿತು. ಮರುಗಳಿಗೆ ಬೇಲಿಯ ನೆನಪಾಗಿ ಹಾಲಿನ ನೊರೆಯಂತೆ ಇಳಿಯಿತು.

"ಹನ್ನೊಂದು ದನಾ ಹೊರಗ ಹಾಕಿದ್ರ ಅಲ್ಲೇ ಇನ್ನೊಂದು ಊರಾಗ್ತದ," ಎಂದರು ಡಾಕ್ಟರು. "ಅವು ಇಲ್ಲೇ ಇರ್ಲಿ. ಗೌರಿಗೆ ರೋಗ ತಗಲಬಾರದು, ಆಕೀನ ಇವತ್ತ ಹಳ್ಳದ ಆಚಿ ಕಟ್ಟರಿ."

"ಹೌದ್ರಿ ಸಾಹೇಬ್ರ, ಗೌರಿ ಚೊಲೋ ಇರಬೇಕ್ರಿ," ಎಂದು ಎಲ್ಲರಿಗಿಂತ ಮೊದಲು ತಿಪ್ಪವ್ವ ತಲೆಯಾಡಿಸಿದಳು.

ಮಾಳಿಂಗಪ್ಪ ಮನಸ್ಸಿನಲ್ಲೇ ಲೆಕ್ಕ ಹಾಕಿದ. ನಿಜ ಹೇಳಿದರೆ ರೋಗವಿದೆಯೆಂದು ಗೌರಿ ಹೊರಗೆ; ಹೇಳದಿದ್ದರೆ ರೋಗವಿಲ್ಲವೆಂದು ಹೊರಗೆ.

ಶೇವಂತಿ ಮುಂದೆ ನುಗ್ಗಿದಳು. ಬೆಳಗಿನಿಂದ ಎರಡು ಸಲ ನುಂಗಿಕೊಂಡ ಮಾತು ಇನ್ನು ಒಳಗೆ ನಿಲ್ಲಲಿಲ್ಲ. ಡಾಕ್ಟರ ಮೇಜಿನ ಮುಂದೆಯೇ ನಿಂತು ಗಟ್ಟಿಯಾಗಿ ಕೇಳಿಬಿಟ್ಟಳು:

"ಅಪ್ಪಾ, ಗೌರಿ ಸಗಣಿ ಎಲ್ಲಾರೂ ಒಯ್ದ್ರಲ್ಲಾ, ಮತ್ತ ನಮ್ಮ ಡಬ್ಬ್ಯಾಗ ಇದ್ದದ್ದು ತಿಪ್ಪವ್ವಾಯಿ ಆಕಳದ್ದಲ್ಲೇನು?"