ಭಾವನ ಬಾರಿನಲ್ಲಿ ಲೈವ್ ಮ್ಯೂಸಿಕ್

ಕುಂದಾಪುರದಲ್ಲಿ ಸೌಂಡ್ಸ್ ಅಂಗಡಿ ಇಟ್ಟವನಿಗೆ ಬಾಡಿಗೆ ಇಲ್ಲದ ದಿನ ಇರಬಹುದು, ವಿಚಾರಣೆ ಇಲ್ಲದ ದಿನ ಇಲ್ಲ. ಮೈಕು, ಸ್ಪೀಕರು ಕೊಡುವವನಿಗೆ ಯಾರು ಎಲ್ಲಿ ಹಾಡುತ್ತಾರೆ ಎಂದು ಗೊತ್ತಿರಲೇಬೇಕು ಎಂಬುದು ಜನರ ನಂಬಿಕೆ. ಗೊತ್ತಿರುವುದೂ ಹೌದು. ಗೊತ್ತಿದ್ದನ್ನು ಹೇಳಿಬಿಟ್ಟೆ ನೋಡಿ, ಅಲ್ಲಿಂದ ಶುರುವಾಯಿತು.

ಪಾಯಸಕ್ಕೆ ಟಿಪ್ಸ್

ಒಂದು ಮಧ್ಯಾಹ್ನ ಬೆಂಗಳೂರಿನ ಇಬ್ಬರು ಹುಡುಗರು ಅಂಗಡಿಗೆ ಬಂದರು. ಚಡ್ಡಿ, ಕಪ್ಪು ಕನ್ನಡಕ, ಕಾಲಲ್ಲಿ ಇನ್ನೂ ಕಡಲಿನ ಮರಳು.

“ಸರ್, ಇಲ್ಲಿ ಲೈವ್ ಮ್ಯೂಸಿಕ್ ಇರೋ ಬಾರ್ ಎಲ್ಲಿದೆ?”

“ಬಾರ್ ಬೇಕಾದಷ್ಟಿದೆ. ಮ್ಯೂಸಿಕ್ಕೂ ಬೇಕಾದಷ್ಟಿದೆ. ಎರಡೂ ಒಂದೇ ಮಾಡಿನಡಿ ಇಲ್ಲ” ಎಂದೆ.

“ಹಾಗಾದ್ರೆ ಮ್ಯೂಸಿಕ್ ಆದ್ರೂ ಹೇಳಿ.”

ಅವತ್ತು ಸಂಜೆ ನಾವುಂದದ ಒಂದು ಮನೆಯಲ್ಲಿ ನನ್ನದೇ ಸೌಂಡು, ಒಳ್ಳೆಯ ಹಾಡುಗಾರರು. ದಾರಿ ಹೇಳಿ ಕಳಿಸಿದೆ. ಅದು ನಿಶ್ಚಿತಾರ್ಥ ಎಂದು ಹೇಳುವಷ್ಟರಲ್ಲಿ ಫೋನು ಬಂತು, ಅವರು ಕಾರು ಹತ್ತಿದರು.

ಮಾರನೇ ದಿನ ಹುಡುಗರು ಬಂದು ಕೈ ಕುಲುಕಿದರು. “ಸೂಪರ್ ಜಾಗ ಸರ್! ಎಷ್ಟು ತಿಂದ್ರೂ ಬಿಲ್ಲೇ ಕೊಡಲಿಲ್ಲ. ಎರಡೆರಡು ಸಲ ಪಾಯಸ ಹಾಕಿದ ಹಿರಿಯರಿಗೆ ಟಿಪ್ಸ್ ಕೊಟ್ಟು ಬಂದ್ವಿ.”

ಪಾಯಸ ಬಡಿಸಿದ ಹಿರಿಯರು ಮದುಮಗಳ ತಂದೆ. ಇನ್ನು ಆ ಮನೆಯ ಬಾಡಿಗೆ ನನಗೆ ಹೋಯಿತೆಂದೇ ಲೆಕ್ಕ ಹಾಕಿದೆ. ಸಂಜೆ ಅವರದೇ ಫೋನು.

“ಹ್ವಾಯ್, ನನ್ ಕೈಯಂಗೆ ಐನೂರ್ ರೂಪಾಯಿ ಇಟ್ಟ್ ಹೋದ್ರಲೆ, ಆ ಗಂಡ್ಮಕ್ಕ್ಳ್ ಯಾರ್ ಮರಾಯ್ರೆ? ನಂಗ್ ಇನ್ನೊಂದ್ ಹೆಣ್ಣಿತ್ತ್. ಅವ್ರಿಗ್ ಮದಿ ಆಯ್ತಾ?”

ಗೋಡೆಯಾಚೆಯ ತಾಳ

ಹುಡುಗರು ಬಂದು ಹೋಗುವಾಗ ನನ್ನ ಭಾವ ಅಂಗಡಿಯಲ್ಲೇ ಕೂತಿದ್ದರು. ಭಾವ ಎಂದರೆ ಅಕ್ಕನ ಗಂಡ. ಮುಂಬೈಯಲ್ಲಿ ಹೋಟೆಲು ನಡೆಸಿ, ಅದನ್ನು ಬಿಟ್ಟು ಊರಿಗೆ ಬಂದು, ಇಲ್ಲಿ ಏನು ಮಾಡುವುದೆಂದು ತಿಳಿಯದೆ ನನ್ನ ಅಂಗಡಿಯ ಫ್ಯಾನಿನಡಿ ಕೂರುತ್ತಿದ್ದವರು.

“ಕೇಂಬವ್ರ್ ಇದ್ರ್, ಕೊಡುವವ್ರ್ ಇಲ್ಲೆ!” ಎಂದು ಎದ್ದು ನಿಂತರು. “ಬ್ರಹ್ಮಾವರ ದಾಟಿ ಹೈವೇ ಬದಿಯಂಗೆ ನಿನ್ನ ಅಕ್ಕನ ಕಟ್ಟಡ ಖಾಲಿ ಇತ್ತಲೆ. ಲೈವ್ ಮ್ಯೂಸಿಕ್ ಬಾರ್. ಏಕ್‌ದಮ್ ಫಸ್ಟ್ ಕ್ಲಾಸ್!”

ವ್ಯಾಪಾರಕ್ಕೆ ಇಳಿಯುವ ಮೊದಲು ಎದುರಾಳಿಯನ್ನು ನೋಡಬೇಕು ಎಂದೆ. ಇಬ್ಬರೂ ಹುಡುಕಲು ಹೊರಟೆವು. ಗಂಗೊಳ್ಳಿಯ ಕಡೆ ಐಸ್ ಪ್ಲಾಂಟಿನ ಸದ್ದು ಬಿಟ್ಟರೆ ಬೇರೇನೂ ಸಿಗಲಿಲ್ಲ. ಕೊನೆಗೆ ಫೋನಿನಲ್ಲಿ ಬೈಂದೂರಿನ ಒಂದು ಬಾರು ಸಿಕ್ಕಿತು. ‘ಶನಿವಾರ ಅದ್ಭುತ ಲೈವ್ ಮ್ಯೂಸಿಕ್’ ಎಂದು ಯಾರೋ ಹೊಗಳಿ ಬರೆದಿದ್ದರು.

ಶನಿವಾರವೇ ಹೋದೆವು. ಸ್ಟೇಜಿಲ್ಲ, ಹಾಡುಗಾರನಿಲ್ಲ. ಆದರೆ ಹಾಡು ಇದೆ! ಕೇಳಿದ್ದಕ್ಕೆ ಮಾಲೀಕರು ಗೋಡೆ ತೋರಿಸಿದರು. ಆಚೆ ಬದಿ ಭಜನಾ ಮಂಡಳಿಯ ಅಭ್ಯಾಸ ಕೊಠಡಿ.

“ಅವ್ರ್ ಗಲಾಟೆ ಮಾಡುದಿಲ್ಯಾ?” ಭಾವ ಕೇಳಿದರು.

“ಹ್ವಾದ್ ವಾರ ತಾಳ ಹಿಡ್ಕಂಡೇ ಬಂದಿರ್ ಮರಾಯ್ರೆ. ಗಲಾಟಿ ಆತ್ತ್ ಅಂದೇಳಿ ನಾನ್ ಹೆದ್ರಿದೆ. ‘ನಿಮ್ ಮೂಲೆ ಟೇಬಲಂಗೆ ಒಬ್ರ್ ಕುಟ್ಟುದ್ ಲಾಯ್ಕ್ ಕೇಂತಿತ್ತ್. ನಮ್ಗೆ ತಾಳಕ್ಕ್ ಒಂದ್ ಜನ ಕಮ್ಮಿ. ಕುಡ್ದ್ ಮುಗ್ದ್ ಮೇಲೆ ಕಳ್ಸಿ’ ಅಂದ್ರ್.”

ಪರದೆಗಳಿಗೆ ಹಾಡಿದ್ದು

ಅಂತೂ ಭಾವನ ಬಾರು ಆಯಿತು. ಕಟ್ಟಡ ಅಕ್ಕನದು, ಆದ್ದರಿಂದ ಕರಾರೂ ಅಕ್ಕನದೇ: “ಮಳಿ ಹಿಡುದ್ರೊಳ್ಗ್ ಜನ ತುಂಬ್ಕ್. ಇಲ್ದಿರ್ ಟೈಲ್ಸ್ ಅಂಗ್ಡಿಯವ್ರ್ ಕೇಂತಿದ್ರ್, ಅವ್ರಿಗ್ ಕೊಡ್ತೆ.”

ಭಾವ ಮುಂಬೈ ಮಾದರಿಯಲ್ಲಿ ದೊಡ್ಡ ಹಾಲ್ ಮಾಡಿಸಿದ್ದರು. ಎಲ್ಲಿ ಕೂತರೂ ಸ್ಟೇಜು ಕಾಣಬೇಕು ಎಂದು ಒಂದು ಅಡ್ಡ ಗೋಡೆಯೂ ಇಲ್ಲ. ಮೊದಲ ದಿನ ಬಂದ ಗಿರಾಕಿ ಬಾಗಿಲಲ್ಲೇ ನಿಂತು ಎಡ ನೋಡಿದ, ಬಲ ನೋಡಿದ. “ಪರದಿ ಹಾಕಿದ್ ಕ್ಯಾಬಿನ್ ಇಲ್ಯಾ?” ಎಂದು ಕೇಳಿ ಹೊರಟೇಹೋದ. ಎರಡನೆಯವನೂ ಹಾಗೆಯೇ. ಸ್ಟೇಜು ಕಾಣುವ ಜಾಗದಲ್ಲಿ ಕೂತವನು ಊರಿಗೂ ಕಾಣುತ್ತಾನೆ ಎಂಬುದನ್ನು ಭಾವ ಮುಂಬೈಯಲ್ಲಿ ಮರೆತಿದ್ದರು. ನಮ್ಮಲ್ಲಿ ಒಂದು ಟೇಬಲಿನಲ್ಲಿ ಮಾವ ಇದ್ದರೆ ಇನ್ನೊಂದರಲ್ಲಿ ಅಳಿಯ ಇದ್ದೇ ಇರುತ್ತಾನೆ.

ವಾರದೊಳಗೆ ಪ್ಲೈವುಡ್ ಕ್ಯಾಬಿನ್ನು, ಅದಕ್ಕೆ ಪರದೆ ಬಂತು. ಹಾಡುಗಾರನನ್ನು ನಾನೇ ಕೊಡಿಸಿದೆ. ಸಿದ್ದಾಪುರದವ, ಮದುವೆ ಮನೆಗಳಲ್ಲಿ ಹಾರ್ಮೋನಿಯಂ ಹಿಡಿದು ಹಾಡುವವ. ಒಳ್ಳೆಯ ಕಂಠ, ಒಂದೇ ಒಂದು ಕಷ್ಟ: ಗಣಪತಿ ಸ್ತುತಿ ಇಲ್ಲದೆ ಅವನ ಬಾಯಿ ತೆರೆಯುವುದಿಲ್ಲ. ಮೊದಲ ಸಂಜೆ ಸ್ತುತಿ ಶುರುವಾದದ್ದೇ ತಡ, ಪರದೆಗಳ ಕೆಳಗಿನಿಂದ ಚಪ್ಪಲಿಗಳು ಒಂದೊಂದಾಗಿ ಹೊರಗೆ ಬಂದವು. ಗ್ಲಾಸುಗಳು ಟೇಬಲಿನಡಿ ಹೋದವು.

ಆಮೇಲೆ ಅವ ಸಿನಿಮಾ ಹಾಡಿಗೆ ಬಂದ. ಜನಕ್ಕೆ ಧೈರ್ಯ ಬಂತು. ಮೂಲೆಯ ಪರದೆಯೊಳಗಿಂದ ಒಂದು ದನಿ: “ಹ್ವಾಯ್, ಎಂತ ಅಳುವ ಹಾಡ್ ಅದ್? ಒಂಚೂರ್ ಕುಣು ಹಾಡ್ ಹೇಳಿ ಕಾಂಬ!”

ಹಾಡುಗಾರ ಹಾರ್ಮೋನಿಯಂ ನಿಲ್ಲಿಸಿದ. ದನಿ ಅವನಿಗೆ ಗುರುತಿನದು. ಮೈಕಿನಲ್ಲೇ ವಿನಯದಿಂದ ಕೇಳಿದ:

“ಮಾವಯ್ಯ, ಉಡುಪಿಗೆ ಕಣ್ಣ್ ಡಾಕ್ಟ್ರನ್ ಕಾಂಬುಕ್ ಹೋಯ್ತೆ ಅಂದಿರ್ಯಲೆ, ಬೇಗ ಮುಗಿತಾ?”

ಮಂಗಳ

ಆಕಾಶ ಕಪ್ಪಾಗುತ್ತಾ ಬಂತು, ಹಾಲ್ ತುಂಬಲಿಲ್ಲ. ಟೈಲ್ಸಿನವರು ಒಂದು ದಿನ ಬಂದು ಭಾವನ ಎದುರೇ ನೆಲ ಅಳೆದುಕೊಂಡು ಹೋದರು. ಮಳೆಗೆ ಮೊದಲಿನ ಕೊನೆಯ ಶನಿವಾರ ಅಕ್ಕ ಸ್ವತಃ ಬಂದು ಕೌಂಟರಿನಲ್ಲಿ ಕೂತಳು. ಅವತ್ತು ಭಾವನ ಅದೃಷ್ಟ: ಪ್ರತಿ ಕ್ಯಾಬಿನ್ನೂ ಭರ್ತಿ. ಒಳಗೆ ಅಂಜಲ್ ಮೀನು ಮಸಾಲೆ ಹಚ್ಚಿಕೊಂಡು ಕಾದಿತ್ತು, ಕುಚ್ಚಲಕ್ಕಿ ಅನ್ನ ಬೆಂದಿತ್ತು. ಊಟದ ಆರ್ಡರು ಮಾತ್ರ ಇನ್ನೂ ಬಂದಿರಲಿಲ್ಲ. ಬಾರಿನಲ್ಲಿ ಲಾಭ ಇರುವುದು ಊಟದಲ್ಲಿ.

ಅಷ್ಟರಲ್ಲಿ ಹಾಡುಗಾರ ವಾಚು ನೋಡಿಕೊಂಡ. ಕುಂದಾಪುರಕ್ಕೆ ಹೋಗಿ ಸಿದ್ದಾಪುರದ ಕೊನೆಯ ಬಸ್ಸು ಹಿಡಿಯಬೇಕು. ಹಾಗೆಂದು ಮಧ್ಯದಲ್ಲಿ ಎದ್ದು ಹೋಗುವುದು ಕಾರ್ಯಕ್ರಮಕ್ಕೆ ಶೋಭೆಯಲ್ಲ. ಕಣ್ಣು ಮುಚ್ಚಿ, ಭಕ್ತಿಯಿಂದ ಮಂಗಳ ಹಾಡಿಬಿಟ್ಟ.

ಸರ್ರನೆ ಪರದೆಗಳು ಸರಿದವು. ಒಳಗಿದ್ದವರೆಲ್ಲ ಎದ್ದು ಕೈಮುಗಿದು ನಿಂತಿದ್ದಾರೆ. ಹಾಡು ಮುಗಿದದ್ದೇ ಹೊರಟರು.

ಭಾವ ಬಾಗಿಲಿಗೆ ಅಡ್ಡ ನಿಂತರು. “ಎಲ್ಲಿಗ್ ಹೋಪುದ್? ಕೂಕಣಿ ಮರಾಯ್ರೆ!”

“ಎಂತ ಕೂಕಂಬುದ್? ಮಂಗಳ ಆಯ್ತಲೆ” ಎಂದರು ಮುಂದಿದ್ದವರು. “ಕೈ ತೊಳುದೆಲ್ಲಿ? ಊಟಕ್ಕ್ ಪಂಕ್ತಿ ಎಲ್ಲಿ ಹಾಕಿದ್ರಿ?”

ಹೌದಲ್ಲ! ನಮ್ಮ ಜನ ಹುಟ್ಟಿದಂದಿನಿಂದ ಕಂಡದ್ದು ಅದೇ. ಮಂಗಳ ಆದ ಮೇಲೆ ಊಟ, ಊಟ ಇಲ್ಲದ ಮಂಗಳ ಇಲ್ಲ. ಭಾವ ಬಾಯಿ ಬಿಟ್ಟು ನಿಂತರು. ಅಕ್ಕ ನಿಲ್ಲಲಿಲ್ಲ. ಸೆರಗು ಸಿಕ್ಕಿಸಿಕೊಂಡು ಅಡುಗೆಮನೆಗೆ ಹೋದಳು. “ಎಂತ ಕಾಂತ್ರಿ? ಟೇಬಲ್ ಸಾಲಂಗ್ ಇಡಿ, ಬಾಳೆಲಿ ಹಾಕಿ!”

ಮಾವ, ಅಳಿಯ, ಎದುರು ಮನೆಯವರು, ಪಕ್ಕದ ಮನೆಯವರು, ಎಲ್ಲ ಒಂದೇ ಸಾಲಿನಲ್ಲಿ ಕೂತು ಉಂಡರು. ಮಂಗಳದ ಮುಂಚೆ ಯಾರು ಎಲ್ಲಿದ್ದರು ಎಂದು ಯಾರೂ ಯಾರನ್ನೂ ಕೇಳಲಿಲ್ಲ. ಬಿಲ್ಲನ್ನೂ ತಕರಾರಿಲ್ಲದೆ ಕೊಟ್ಟರು. ಅಂಜಲ್ ಒಂದು ತುಂಡೂ ಉಳಿಯಲಿಲ್ಲ. ಟೈಲ್ಸಿನವರಿಗೆ ಅಕ್ಕ ಅಲ್ಲಿಂದಲೇ ಫೋನು ಮಾಡಿದಳು: “ಜಾಗ ಇಲ್ಲೆ. ನಮ್ದೇ ಊಟ ನಡೀತಿತ್ತ್.”

ಈಗ ಪ್ರತಿ ಶನಿವಾರ ಬಸ್ಸಿನ ಹೊತ್ತಿಗೆ ಮಂಗಳ, ಮಂಗಳಕ್ಕೆ ಸರಿಯಾಗಿ ಊಟ. ಜನ ಬರುತ್ತಾರೆ. ಕೆಲವರು ಮಂಗಳಕ್ಕೆ ಸರಿಯಾಗಿಯೇ ಬರುತ್ತಾರೆ.

ಮೊನ್ನೆ ಅದೇ ಬೆಂಗಳೂರಿನ ಹುಡುಗರು ಮತ್ತೆ ಅಂಗಡಿಗೆ ಬಂದರು. ಹಿಂದಿನ ಸಲ ಉಂಡದ್ದು ಬಾರಿನಲ್ಲಲ್ಲ, ನಿಶ್ಚಿತಾರ್ಥದ ಮನೆಯಲ್ಲಿ ಎಂದು ಮೊದಲು ತಿಳಿಸಿದೆ. ಈ ಸಲ ಎದೆ ತಟ್ಟಿ ಹೇಳಿದೆ: “ಬಾರು, ಮ್ಯೂಸಿಕ್ಕು, ಎರಡೂ ಒಂದೇ ಮಾಡಿನಡಿ!” ಭಾವನಲ್ಲಿಗೆ ಕಳಿಸಿದೆ.

ಮಾರನೇ ದಿನ ಬಂದವರ ಮುಖದಲ್ಲಿ ಬುದ್ಧಿ ಕಲಿತವರ ಕಳೆ. “ಈ ಸಲ ನಾವು ಮೋಸ ಹೋಗಲಿಲ್ಲ ಸರ್. ಎಲ್ಲರೂ ಎದ್ದು ಕೈಮುಗಿದು, ಸಾಲಾಗಿ ಬಾಳೆಲೆಗೆ ಕೂತಾಗಲೇ ಗೊತ್ತಾಯ್ತು. ಬಿಲ್ ಕೇಳಿ ಮರ್ಯಾದೆ ಕಳ್ಕೊಳ್ಳಲಿಲ್ಲ. ಕವರಲ್ಲಿ ನೂರಾ ಒಂದು ರೂಪಾಯಿ ಹಾಕಿ, ಕೌಂಟರಲ್ಲಿದ್ದ ಅಮ್ಮನ ಕೈಗೆ ಕೊಟ್ಟು, ಕಾಲಿಗೆ ಬಿದ್ದು ಬಂದ್ವಿ. ಆದ್ರೆ ಸರ್, ಮದುಮಗಳನ್ನ ಮಾತ್ರ ಕೊನೇವರೆಗೂ ತೋರಿಸಲೇ ಇಲ್ಲ!”